ಮುಳ್ಳಿನ ಒಳಗಿನ ನೀರು



ಬಾಗಲಕೋಟೆಯಿಂದ ಧರ್ಮೋಪದೇಶದ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆ. 1760ರಲ್ಲಿ ಹೈದರಾಲಿ ಆರಂಭಿಸಿದ, ಈಗ 240 ಎಕರೆಗಳಷ್ಟು ಹರಡಿರುವ ಸಸ್ಯೋದ್ಯಾನ ಅದು. ಎರಡು ಕೋಟಿ ವರ್ಷಗಳಷ್ಟು ಹಳೆಯ, ಕಲ್ಲಾಗಿ ಹೋದ ಮರದ ಕಾಂಡವನ್ನು ಮಕ್ಕಳು ಬೆರಗಾಗಿ ನೋಡಿದರು. ಕಳ್ಳಿಗಿಡಗಳ ಬಳಿ ಬಂದಾಗ ಮಾತ್ರ ಹುಡುಗನೊಬ್ಬ ನಕ್ಕುಬಿಟ್ಟ. "ಫಾದರ್, ಈ ಪಾಪಾಸ್‌ಕಳ್ಳಿ ನೋಡಾಕ ಬೆಂಗಳೂರತನಕಾ ಬರಬೇಕಿತ್ತೇನ್ರೀ? ನಮ್ಮ ಹೊಲದ ಬದುವಿನಾಗ ಬೇಕಾದಷ್ಟೈತಿ!"

ನಾನೂ ನಕ್ಕೆ. ಆಮೇಲೆ ಕಳ್ಳಿಯ ಗುಟ್ಟನ್ನು ಹೇಳಿದೆ. ಅದರ ಮುಳ್ಳುಗಳು ಮೂಲದಲ್ಲಿ ಎಲೆಗಳೇ. ಅಗಲವಾದ ಎಲೆಗಳಿದ್ದರೆ ಇದ್ದ ನೀರೆಲ್ಲ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಆದ್ದರಿಂದ ಎಲೆ ಮುಳ್ಳಾಗಿದೆ. ಕಾಂಡವೇ ಹಸಿರಾಗಿ ಆಹಾರ ತಯಾರಿಸುತ್ತದೆ, ನೀರನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಬೇರೆ ಗಿಡಗಳು ಗಾಳಿಗಾಗಿ ಹಗಲಿನಲ್ಲಿ ತೆರೆಯುವ ಸೂಕ್ಷ್ಮ ರಂಧ್ರಗಳನ್ನು ಕಳ್ಳಿ ತೆರೆಯುವುದು ರಾತ್ರಿಯ ತಂಪಿನಲ್ಲಿ.

ಹೀಗೆ ಹೇಳುತ್ತಿರುವಾಗಲೇ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ನೆನಪಾಯಿತು. ಮಾತೆತ್ತಿದರೆ ಸಿಡುಕು. ಸಭೆಯೊಂದರಲ್ಲಿ ಎಲ್ಲರೆದುರು ನನ್ನನ್ನೂ ಗದರಿದ್ದರು. ಅಂದಿನಿಂದ ನಾನು ಅವರ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮನೆ ಆಶೀರ್ವಾದಕ್ಕೂ ಸಹಾಯಕ ಗುರುಗಳನ್ನೇ ಕಳುಹಿಸಿದ್ದೆ. ಕುರಿ ಕಾಯಬೇಕಾದವನು ಮುಳ್ಳಿಗೆ ಹೆದರಿದ್ದೆ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಹೋದೆ. ಮೊದಲು ಮಾತಿಲ್ಲ. ಕತ್ತಲಾದ ಮೇಲೆ ಅವರಾಗಿಯೇ ಹೇಳತೊಡಗಿದರು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಮನೆ ಮುಳುಗಿತ್ತು. ಪರಿಹಾರದ ಹಣ ಹಂಚಿಕೊಳ್ಳುವಾಗ ಅಣ್ಣತಮ್ಮಂದಿರು ಮುನಿಸಿಕೊಂಡು ದೂರವಾಗಿದ್ದರು. "ನವನಗರದಾಗ ಮನಿ ಐತ್ರಿ ಫಾದರ್, ಮನಿಗೆ ಬರಾವ್ರು ಯಾರೂ ಇಲ್ರಿ" ಎಂದರು. ಹೊರಡುವಾಗ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ನಿಕೊದೇಮನು ಯೇಸುಸ್ವಾಮಿಯ ಬಳಿಗೆ ಬಂದದ್ದೂ ರಾತ್ರಿಯಲ್ಲೇ. ಹಗಲಲ್ಲಿ ಏಕೆ ಬರಲಿಲ್ಲವೆಂದು ಸ್ವಾಮಿ ಅವನನ್ನು ಕೇಳಲಿಲ್ಲ, ಅವನೊಡನೆ ಮಾತನಾಡಿದರು. ಮುಂದೆ ಪ್ರಭುವಿನ ಶವಸಂಸ್ಕಾರಕ್ಕೆ ರಕ್ತಬೋಳ ಬೆರೆತ ಸುಗಂಧದ್ರವ್ಯವನ್ನು ತಂದವನು ಅವನೇ. ಆ ರಕ್ತಬೋಳ ಒಸರುವುದೂ ಮುಳ್ಳಿನ ಮರದಿಂದಲೇ.

ಪ್ರಿಯರೇ, ಸಿಡುಕುವುದು ಸರಿಯೆಂದು ನಾನು ಹೇಳುತ್ತಿಲ್ಲ. ಮುಳ್ಳು ಚುಚ್ಚಿದರೆ ನೋವಾಗುವುದು ನಿಜ. ಆದರೆ ಯಾವ ಬರಗಾಲ ಆ ಎಲೆಯನ್ನು ಮುಳ್ಳಾಗಿಸಿತೋ ನಾವು ಕಂಡಿಲ್ಲ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರೊಬ್ಬರಿದ್ದಾರು. ಈ ವಾರ ಅವರ ಬಳಿಗೆ ಹೋಗಿ. ಬುದ್ಧಿ ಹೇಳಬೇಡಿ, ಸ್ವಲ್ಪ ಹೊತ್ತು ಜೊತೆಗೆ ಕುಳಿತಿರಿ. ಅವರ ಮನಸ್ಸು ತೆರೆಯುವ ಹೊತ್ತು ದೇವರಿಗೆ ಗೊತ್ತು.

ಮುಳ್ಳಿನ ಕಿರೀಟ ಹೊತ್ತ ಪ್ರಭು ಆ ತಾಳ್ಮೆಯನ್ನು ನಮಗೆ ಅನುಗ್ರಹಿಸಲಿ.