ಇರುವೆಗೆ ಅನ್ನ, ಇರುವೆಗೆ ಬಂಧನ

2025ರ ಏಪ್ರಿಲ್‌ನಲ್ಲಿ ಕೀನ್ಯಾದ ನಕುರು ಪ್ರದೇಶದ ಅತಿಥಿಗೃಹವೊಂದರಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದವರು ವನ್ಯಜೀವಿ ಇಲಾಖೆಯ ಕೈಗೆ ಸಿಕ್ಕಿಬಿದ್ದರು. ಅವರ ಸಾಮಾನಿನಲ್ಲಿದ್ದದ್ದು ಹತ್ತಿ ತುರುಕಿದ 2,000ಕ್ಕೂ ಹೆಚ್ಚು ಪುಟ್ಟ ಕೊಳವೆಗಳು, ಅವುಗಳೊಳಗೆ ಸುಮಾರು 5,000 ರಾಣಿ ಇರುವೆಗಳು. ಮೆಸ್ಸರ್ ಸೆಫಲೋಟಿಸ್ ಎಂಬ ಹೆಸರಿನ ಈ ಇರುವೆ ಪೂರ್ವ ಆಫ್ರಿಕದ ಹುಲ್ಲುಗಾವಲಿನಲ್ಲಿ ಬೀಜ ಹೊತ್ತು ತಂದು ಕಣಜ ತುಂಬುವ ದೊಡ್ಡ ಜಾತಿ. ಯುರೋಪಿನಲ್ಲಿ ಇರುವೆ ಸಾಕುವ ಹವ್ಯಾಸಿಗಳು ಇಂಥ ಒಂದೊಂದು ರಾಣಿಗೂ ಒಳ್ಳೆಯ ಬೆಲೆ ಕೊಡುತ್ತಾರೆ. ಮೇ 7ರಂದು ನ್ಯಾಯಾಲಯ ತಲಾ 10 ಲಕ್ಷ ಕೀನ್ಯಾ ಶಿಲಿಂಗ್ ದಂಡ ಹಾಕಿತು. ಕಟ್ಟದಿದ್ದರೆ ಒಂದು ವರ್ಷ ಜೈಲು. ತೀರ್ಪು ಬರೆದ ಮ್ಯಾಜಿಸ್ಟ್ರೇಟ್ ಗುಲಾಮರ ವ್ಯಾಪಾರವನ್ನು ನೆನಪಿಸಿಕೊಂಡರು: ಮನೆಯಿಂದ ಕಿತ್ತು, ತನ್ನಂಥವರ ಜೊತೆ ಡಬ್ಬಿಯಲ್ಲಿ ತುಂಬಿ, ದೂರಕ್ಕೆ ಸಾಗಿಸುವುದು.

ಇರುವೆಗೂ ಗುಲಾಮನಿಗೂ ಹೋಲಿಕೆಯೇ ಎಂದು ಮೂಗು ಮುರಿಯುವುದು ಸುಲಭ. ಆದರೆ ಆ ಹೋಲಿಕೆ ಎತ್ತಿದ ಪ್ರಶ್ನೆ ಕಳ್ಳಸಾಗಣೆಗಿಂತ ದೊಡ್ಡದು. ಕಾನೂನುಬದ್ಧವಾಗಿ ಕೊಂಡ ಒಂದೇ ಒಂದು ರಾಣಿಯನ್ನು ಮೇಜಿನ ಮೇಲಿಟ್ಟು, ಕಾಲಕಾಲಕ್ಕೆ ಕಾಳು ಹಾಕಿ ಸಾಕುವವನು ಮಾಡುತ್ತಿರುವುದು ಪೋಷಣೆಯೋ ಬಂಧನವೋ? ಅವನು ಸಾಕುತ್ತಿರುವುದು ಯಾರನ್ನು?

ಕೊಳವೆಯೊಳಗೆ ನಡೆಯುವುದೇನೆಂದು ಮೊದಲು ನೋಡಬೇಕು. ಹವ್ಯಾಸಿಗಳಲ್ಲಿ ಬಹಳ ಜನಪ್ರಿಯವಾದ ಮೆಸ್ಸರ್ ಬಾರ್ಬರಸ್ ಸ್ಪೇನ್, ಪೋರ್ಚುಗಲ್ ಕಡೆಯ ಇರುವೆ. ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಅದರ ರೆಕ್ಕೆಯ ಗಂಡು ಹೆಣ್ಣುಗಳು ಗೂಡು ಬಿಟ್ಟು ಹಾರುತ್ತವೆ. ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ತನ್ನ ರೆಕ್ಕೆಯನ್ನು ತಾನೇ ಕಳಚಿ ನೆಲ ತೋಡುತ್ತದೆ. ರೆಕ್ಕೆ ಮೂಡಿದ ಇರುವೆಗೆ ಸಾವು ಹತ್ತಿರ ಎಂದು ನಮ್ಮ ಹಳ್ಳಿಯವರು ಆಡುವ ಮಾತು ಲೆಕ್ಕದಲ್ಲೂ ಸರಿ. ಹಕ್ಕಿ, ಹಲ್ಲಿ, ಬೇರೆ ಇರುವೆಗಳ ಬಾಯಿಂದ ತಪ್ಪಿಸಿಕೊಂಡು ಗೂಡು ಕಟ್ಟುವ ರಾಣಿಯರು ಬಹಳ ಕಡಿಮೆ. ಹವ್ಯಾಸಿ ನೆಲದಿಂದ ಎತ್ತಿಕೊಳ್ಳುವುದು ಈ ಹೊತ್ತಿನ ರಾಣಿಯನ್ನು.

ಗಾಜಿನ ಕೊಳವೆಯ ತುದಿಯಲ್ಲಿ ನೀರು, ಅದಕ್ಕೆ ಹತ್ತಿಯ ಬಿರಡೆ, ಆಮೇಲೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಅಷ್ಟೇ ಮನೆ. ಊಟ ಹಾಕುವ ಹಾಗಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಇನ್ನು ಹಾರಬೇಕಿಲ್ಲದ ರೆಕ್ಕೆಯ ಸ್ನಾಯು ಕರಗುತ್ತದೆ, ಮೈಯ ಕೊಬ್ಬು ಕರಗುತ್ತದೆ, ಅದೇ ಮೊದಲ ಮರಿಗಳ ಆಹಾರ. ವಾರಗಳು ಕಳೆದ ಮೇಲೆ ಹುಟ್ಟುವ ಮೊದಲ ಕೆಲಸಗಾರ್ತಿಯರು ಅರೆಹೊಟ್ಟೆಯಲ್ಲಿ ಬೆಳೆದ ಕುಳ್ಳಿಯರು. ಈ ಅವಧಿಯಲ್ಲಿ ಸಾಕುವವನ ಮುಖ್ಯ ಕರ್ತವ್ಯ ಒಂದೇ, ನೋಡದೆ ಇರುವುದು. ಪದೇ ಪದೇ ಬೆಳಕು ಬಿಟ್ಟು, ಕೊಳವೆ ಅಲುಗಿಸಿದರೆ ರಾಣಿ ಗಾಬರಿಗೊಂಡು ತಾನಿಟ್ಟ ಮೊಟ್ಟೆಯನ್ನು ತಾನೇ ತಿನ್ನುತ್ತಾಳೆ. ತಾನು ಸಾಕಿದ್ದನ್ನು ಕಣ್ತುಂಬ ನೋಡಬೇಕೆಂಬ ಪ್ರೀತಿಯೇ ಇಲ್ಲಿ ಕೊಲೆಗೆ ಕಾರಣ.

ಕುಳ್ಳಿಯರು ಬಂದ ಮೇಲೆ ಗಸಗಸೆ, ಹುಲ್ಲಿನ ಬೀಜದಂಥ ಸಣ್ಣ ಕಾಳು ಬೇಕು. ನಡುನಡುವೆ ಸತ್ತ ಹುಳುವಿನ ತುಂಡೂ ಬೇಕು, ಮರಿ ಬೆಳೆಯುವುದು ಅದರಿಂದ. ಸಂಸಾರ ದೊಡ್ಡದಾದಂತೆ ದಪ್ಪ ತಲೆಯ ಕೆಲಸಗಾರ್ತಿಯರು ಹುಟ್ಟಿ ಗಟ್ಟಿ ಕಾಳನ್ನೂ ಒಡೆಯುತ್ತಾರೆ. ಒಡೆದದ್ದನ್ನು ಎಂಜಲು ಬೆರೆಸಿ ಅಗಿದು ಹಿಟ್ಟಿನ ಮುದ್ದೆ ಮಾಡುತ್ತಾರೆ. ಕಾಳು ಮೊಳೆತರೆ ಮೊಳಕೆಯ ಬೇರನ್ನು ಕಚ್ಚಿ ಹಾಕುತ್ತಾರೆ. ಆದ್ದರಿಂದ ಗೂಡಿನ ಒಂದು ಮೂಲೆ ತೇವವಾಗಿಯೂ ಇನ್ನೊಂದು ಒಣಗಿಯೂ ಇರಬೇಕು. ಕಣಜ ಎಲ್ಲಿ, ತೊಟ್ಟಿಲು ಎಲ್ಲಿ ಎಂಬುದನ್ನು ಅವೇ ತೀರ್ಮಾನಿಸುತ್ತವೆ.

ಇಷ್ಟು ಕಣ್ಣಿಗೆ ಕಾಣುವ ಸಂಗತಿಯನ್ನು ಯುರೋಪಿನ ಪಂಡಿತರು ಬಹುಕಾಲ ನಂಬಲಿಲ್ಲ ಎಂಬುದು ತಮಾಷೆ. ಬೈಬಲಿನ ಜ್ಞಾನೋಕ್ತಿಗಳಲ್ಲಿ ಸೊಲೊಮೋನನು ಸೋಮಾರಿಗೆ ಇರುವೆಯನ್ನು ತೋರಿಸುತ್ತಾನೆ. ಮೇಲೆ ಒಡೆಯನಿಲ್ಲದಿದ್ದರೂ ಸುಗ್ಗಿಯಲ್ಲಿ ಕಾಳು ಕೂಡಿಡುತ್ತದೆ, ನೋಡಿ ಕಲಿ ಎಂಬುದು ಅಲ್ಲಿನ ತಾತ್ಪರ್ಯ. ಉತ್ತರದ ಚಳಿದೇಶಗಳ ಇರುವೆಗಳು ಕಾಳು ಕೂಡಿಡುವುದಿಲ್ಲ. ಅವನ್ನೇ ನೋಡಿದ ವಿದ್ವಾಂಸರು, ಹಿಂದಿನವರು ಇರುವೆಯ ಕೋಶವನ್ನೇ ಧಾನ್ಯವೆಂದು ತಪ್ಪು ತಿಳಿದರು ಎಂದು ಷರಾ ಬರೆದರು. 1829ರಲ್ಲಿ ಪುಣೆಯಲ್ಲಿದ್ದ ಸೇನಾಧಿಕಾರಿ ಸೈಕ್ಸ್, ಮಳೆಗೆ ನೆನೆದ ಹುಲ್ಲುಬೀಜವನ್ನು ಇರುವೆಗಳು ಹೊರಗೆ ತಂದು ಬಿಸಿಲಿಗೆ ಹರವುವುದನ್ನು ಕಂಡು ಬರೆದಿಟ್ಟ. ದಖ್ಖನಿನ ರೈತನಿಗೆ ಅದು ಹೊಸ ಸುದ್ದಿಯಾಗಿರಲಾರದು. ಕೊನೆಗೆ ಕ್ಷಯದಿಂದ ನರಳುತ್ತ ಚಳಿಗಾಲ ಕಳೆಯಲು ಫ್ರಾನ್ಸಿನ ಮೆಂಟೋನ್‌ಗೆ ಬರುತ್ತಿದ್ದ ಜಾನ್ ಮಾಗ್ರಿಜ್ ಎಂಬ ಇಂಗ್ಲಿಷ್ ಯುವಕ ಮೆಸ್ಸರ್ ಗೂಡುಗಳನ್ನು ಅಗೆದು ಕಣಜಗಳನ್ನೇ ತೆರೆದು ತೋರಿಸಿದ. ಅವನ ಪುಸ್ತಕ ಬಂದದ್ದು 1873ರಲ್ಲಿ, ಮರುವರ್ಷವೇ ತೀರಿಕೊಂಡ.

ಸೊಲೊಮೋನನ ಮಾತಿನ ಇನ್ನೊಂದು ಅರ್ಧ, ಇರುವೆಗೆ ದೊರೆಯಿಲ್ಲ ಎಂಬುದು, ಅದಕ್ಕೂ ಎಷ್ಟೋ ಮುಂಚೆ ಪರೀಕ್ಷೆಗೆ ಒಳಗಾಗಿತ್ತು. ಯಹೂದಿಗಳ ತಾಲ್ಮುದ್‌ನಲ್ಲಿ ರಬ್ಬಿ ಶಿಮೋನ್ ಬೆನ್ ಹಲಾಫ್ತ ಎಂಬವನ ಪ್ರಸಂಗ ಬರುತ್ತದೆ. ಕಡುಬೇಸಿಗೆಯಲ್ಲಿ ಅವನು ಇರುವೆ ಗೂಡಿನ ಮೇಲೆ ತನ್ನ ಮೇಲಂಗಿ ಹರವಿದ. ಹೊರಬಂದ ಒಂದು ಇರುವೆಗೆ ಗುರುತು ಹಾಕಿದ. ಅದು ಒಳಗೆ ಹೋಗಿ ನೆರಳು ಬಿದ್ದಿದೆ ಎಂದು ತಿಳಿಸಿತು, ಎಲ್ಲವೂ ಹೊರಬಂದವು. ಅಂಗಿ ಎತ್ತಿದ, ಬಿಸಿಲು ಬಡಿಯಿತು, ಸುಳ್ಳು ಹೇಳಿತೆಂದು ಗುರುತಿನ ಇರುವೆಯ ಮೇಲೆ ಬಿದ್ದು ಕೊಂದೇ ಹಾಕಿದವು. ದೊರೆ ಇದ್ದಿದ್ದರೆ ಅಪ್ಪಣೆ ಕೇಳದೆ ಕೊಲ್ಲುತ್ತಿದ್ದವೇ ಎಂದು ರಬ್ಬಿಯ ತರ್ಕ. ದೊರೆ ಅಲ್ಲೇ ಇದ್ದಿರಬಹುದು, ಅಥವಾ ಒಬ್ಬ ಸತ್ತು ಇನ್ನೊಬ್ಬ ಪಟ್ಟಕ್ಕೆ ಬರುವ ನಡುವಿನ ಕಾಲವಾಗಿರಬಹುದು ಎಂದು ಮುಂದಿನ ಪಂಡಿತನೊಬ್ಬ ಕೊಕ್ಕೆ ಹಾಕಿದ. ಪ್ರಯೋಗದ ಕೊರತೆಯನ್ನು ಹೀಗೆ ಚರ್ಚಿಸಿದವರು, ಸತ್ತ ಆ ಒಂದು ಇರುವೆಯ ಲೆಕ್ಕವನ್ನು ಮಾತ್ರ ಕೇಳಲಿಲ್ಲ.

ಅದೇ ಪರಂಪರೆಯ ಮಿಷ್ನಾ ಇರುವೆಯ ಕಣಜವನ್ನು ಆಸ್ತಿಯ ವ್ಯಾಜ್ಯವಾಗಿಯೂ ನೋಡುತ್ತದೆ. ಕೊಯ್ಲಿಗೆ ಮೊದಲು ಬಿಲದಲ್ಲಿ ಸಿಕ್ಕ ಕಾಳು ಹೊಲದೊಡೆಯನದು. ಕೊಯ್ಲುಗಾರರು ಹಾದುಹೋದ ಮೇಲಾದರೆ ಮೇಲಿನ ಪದರದ್ದು ಬಡವರಿಗೆ, ಕೆಳಗಿನದು ಒಡೆಯನಿಗೆ. ರಬ್ಬಿ ಮೇಯಿರ್ ಮಾತ್ರ ಸಂಶಯ ಬಂದಲ್ಲೆಲ್ಲ ಬಡವರದೇ ಎನ್ನುತ್ತಾನೆ. ಉದಾರ ಮನಸ್ಸಿನ ನ್ಯಾಯ, ನಿಜ. ಹೊತ್ತು ತಂದ ಇರುವೆಗೆ ಅದರಲ್ಲಿ ಪಾಲಿಲ್ಲ.

ಕುರಾನ್ ಇನ್ನೊಂದು ದಿಕ್ಕು ಹಿಡಿಯುತ್ತದೆ. ಅದರ 27ನೇ ಅಧ್ಯಾಯದ ಹೆಸರೇ ಇರುವೆಯದು. ಅಲ್ಲಿ ಅದೇ ಸೊಲೊಮೋನ್, ಅಂದರೆ ಸುಲೈಮಾನ್, ತನ್ನ ಸೈನ್ಯದೊಡನೆ ಬರುವಾಗ ಒಂದು ಇರುವೆ ತನ್ನವರನ್ನು ಮನೆಗಳೊಳಗೆ ಹೋಗಿರೆಂದು ಕೂಗಿ ಎಚ್ಚರಿಸುತ್ತದೆ. ಅದನ್ನು ಕೇಳಿ ಅರಸ ಮುಗುಳ್ನಗುತ್ತಾನೆ. ಹದೀಸ್‌ನ ಕತೆಯೊಂದು ಇನ್ನೂ ಖಾರ. ಕಚ್ಚಿದ್ದು ಒಂದು ಇರುವೆ, ಸಿಟ್ಟಿನಲ್ಲಿ ಗೂಡನ್ನೇ ಸುಡಿಸಿದ ಪ್ರವಾದಿಯೊಬ್ಬನನ್ನು ದೇವರು ಪ್ರಶ್ನಿಸುತ್ತಾನೆ: ಒಂದರ ತಪ್ಪಿಗೆ ನನ್ನನ್ನು ಸ್ತುತಿಸುವ ಒಂದು ಸಮುದಾಯವನ್ನೇ ಸುಟ್ಟೆಯಾ? ಇಲ್ಲಿ ಎಣಿಕೆಗೆ ಬಂದದ್ದು ಬಿಡಿ ಇರುವೆಯಲ್ಲ, ಇಡೀ ಕುಲ.

ಭಾರತದಲ್ಲಿ ಇರುವೆಗೆ ಪಾಲು ಕೊಡುವ ರೂಢಿ ಹಳೆಯದು. ಗೃಹಸ್ಥನ ಪಂಚಯಜ್ಞಗಳಲ್ಲಿ ಭೂತಯಜ್ಞ, ಅಂದರೆ ಇತರ ಜೀವಿಗಳಿಗೆ ಅನ್ನದ ಪಾಲು ಇಡುವುದೂ ಒಂದು. ಗುಜರಾತ್, ರಾಜಸ್ಥಾನದಲ್ಲಿ ಒಣಕೊಬ್ಬರಿಯ ಬಟ್ಟಲಿಗೆ ಹಿಟ್ಟು, ತುಪ್ಪ, ಸಕ್ಕರೆ ತುಂಬಿ ಇರುವೆ ಗೂಡಿನ ಬಳಿ ಹೂಳುತ್ತಾರೆ. ಅಕ್ಕಿಹಿಟ್ಟಿನ ರಂಗೋಲಿ ಇರುವೆಯ ಹೊಟ್ಟೆಗೂ ಆಗಲಿ ಎನ್ನುವ ಅಜ್ಜಿಯರು ಕರ್ನಾಟಕದಲ್ಲಿ ಇನ್ನೂ ಇದ್ದಾರೆ. ಇವೆಲ್ಲದರಲ್ಲಿ ಅನ್ನ ಇರುವೆ ಇದ್ದಲ್ಲಿಗೆ ಹೋಗುತ್ತದೆ. ಹವ್ಯಾಸಿ ಮಾಡುವುದು ಇದರ ತಲೆಕೆಳಗು: ಇರುವೆಯನ್ನು ಅನ್ನ ಇದ್ದಲ್ಲಿಗೆ ತರುತ್ತಾನೆ.

ಈ ವ್ಯತ್ಯಾಸವನ್ನು ಅಳೆಯಲು ಬೇಕಾದ ಸೂಕ್ಷ್ಮ ತಕ್ಕಡಿ ಇರುವುದು ಜೈನರಲ್ಲಿ. ತತ್ತ್ವಾರ್ಥಸೂತ್ರದ ವರ್ಗೀಕರಣದಲ್ಲಿ ಇರುವೆ ಸ್ಪರ್ಶ, ರುಚಿ, ವಾಸನೆಗಳುಳ್ಳ ಮೂರು ಇಂದ್ರಿಯದ ಜೀವಿ. ಗೂಡಿನ ಕತ್ತಲಲ್ಲಿ ಮೀಸೆ ತಾಗಿಸಿ, ವಾಸನೆ ಹಿಡಿದು ಬಾಳುವ ಪ್ರಾಣಿಗೆ ಈ ವಿವರಣೆ ಎಷ್ಟೋ ಮಟ್ಟಿಗೆ ಒಪ್ಪುತ್ತದೆ. ಅದೇ ಗ್ರಂಥ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು. ಹವ್ಯಾಸಿ ಕೊನೆಯ ನಾಲ್ಕರಿಂದ ಪಾರಾಗಬಲ್ಲ. ಮೊದಲನೆಯದರಿಂದ?

ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ, ಕರ್ನಾಟಕದವರೆಂದೇ ಪ್ರಸಿದ್ಧರಾದ ಪೂಜ್ಯಪಾದರು, ಜೀವಿಗೆ ಇಷ್ಟವಾದೆಡೆಗೆ ಹೋಗದಂತೆ ತಡೆಯುವುದೇ ಬಂಧ ಎಂಬ ಅರ್ಥದಲ್ಲಿ ವಿವರಿಸುತ್ತಾರೆ. ಇಲ್ಲಿ ಹವ್ಯಾಸಿಗೆ ಒಂದು ವಾದ ಸಿಗುತ್ತದೆ. ಕೆಲಸಗಾರ್ತಿ ಹುಟ್ಟಿದ್ದೇ ಕೊಳವೆಯಲ್ಲಿ, ಅವಳು ಬೇರೆ ಜಾಗ ಕಂಡಿಲ್ಲ, ಕಾಳು ಎರಡು ಗೇಣಿನಲ್ಲೇ ಸಿಗುತ್ತದೆ, ಶತ್ರುವಿಲ್ಲ. ರಾಣಿಯಂತೂ ಕಾಡಿನಲ್ಲಿದ್ದರೂ ನೆಲದಡಿಯ ಕೋಣೆ ಬಿಟ್ಟು ಬರುತ್ತಿರಲಿಲ್ಲ. ತಡೆದದ್ದು ಯಾರನ್ನು, ಯಾವ ಇಷ್ಟದಿಂದ? ವಾದ ಬಲವಾಗಿದೆ. ಜೊತೆಗೆ ಜೈನರು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಕಾಣುವುದರಿಂದ, ಹತ್ತಿಯ ತೇವ, ಬೂಸಲು, ಕಿಟಕಿಯ ಬಿಸಿಲು ಎಲ್ಲಕ್ಕೂ ಕಣ್ಣಿಟ್ಟವನು ಮತ್ತು ಮರೆತು ಊರಿಗೆ ಹೋದವನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮಹಾಭಾರತದ ಮಾಂಡವ್ಯ ಮುನಿ ಶೂಲಕ್ಕೇರಿದ್ದು, ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದಕ್ಕೆ. ಹದಿನಾಲ್ಕು ತುಂಬುವವರೆಗೆ ಮಾಡಿದ್ದು ಪಾಪವಲ್ಲ ಎಂದು ಅವನು ಯಮಧರ್ಮನಿಗೇ ಕಟ್ಟಳೆ ವಿಧಿಸಿದ. ಹುಟ್ಟುಹಬ್ಬಕ್ಕೆ ಇರುವೆಪೆಟ್ಟಿಗೆ ಬೇಡುವ ಮಕ್ಕಳಿಗೆ ಅದು ಸಾಕು. ತಂದುಕೊಡುವ ಅಪ್ಪ ಅಮ್ಮಂದಿರಿಗೆ ಸಾಲದು.

ಆದರೆ ಸಾಕುವವನ ಕಣ್ಣೆದುರು ಇರುವುದು ಬಿಡಿ ಇರುವೆಯೋ ಸಂಸಾರವೋ ಎಂಬುದು ಇನ್ನೂ ಬಗೆಹರಿದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆಬೊರಾ ಗೋರ್ಡನ್ 1980ರ ದಶಕದಿಂದ ಅರಿಜೋನಾದ ಮರುಭೂಮಿಯಲ್ಲಿ ಇನ್ನೊಂದು ಬೀಜಗಾರ ಜಾತಿಯ ಗೂಡುಗಳನ್ನು ವರ್ಷವರ್ಷವೂ ಗುರುತಿಸಿ ಹಿಂಬಾಲಿಸಿದ್ದಾರೆ. ಅಲ್ಲಿ ಕೆಲಸಗಾರ್ತಿಯ ಆಯುಸ್ಸು ಸುಮಾರು ಒಂದು ವರ್ಷ; ರಾಣಿಯೊಡನೆ ಗೂಡು ಬಾಳುವುದು ಇಪ್ಪತ್ತು ವರ್ಷಕ್ಕೂ ಹೆಚ್ಚು. ಹಳೆಯ ಗೂಡಿನಲ್ಲೂ ಹೊಸ ಗೂಡಿನಲ್ಲೂ ದುಡಿಯುವವರ ವಯಸ್ಸು ಒಂದೇ. ಆದರೂ ತೊಂದರೆ ಬಂದಾಗ ಹಳೆಯದು ನಿಧಾನಸ್ಥನಂತೆ, ಹೊಸದು ದುಡುಕುವವನಂತೆ ವರ್ತಿಸುತ್ತದೆ ಎಂದು ಅವರು ಕಂಡುಕೊಂಡರು. ಆ ಪ್ರೌಢತೆ ಯಾವ ಇರುವೆಯ ತಲೆಯಲ್ಲೂ ಇಲ್ಲ. ಅಪ್ಪಣೆ ಕೊಡುವವರಿಲ್ಲ, ರಾಣಿ ಮೊಟ್ಟೆ ಇಡುವವಳಷ್ಟೇ. ಸೊಲೊಮೋನನ ಮಾತು ಇಲ್ಲಿಯೂ ಗೆದ್ದಿತು. ಗಾಲಿ ರಥವಲ್ಲ, ಅಚ್ಚು ರಥವಲ್ಲ, ರಥವೆಂಬುದು ಬರಿಯ ಹೆಸರು ಎಂದು ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಹೇಳಿದ ನ್ಯಾಯ ಇಲ್ಲಿ ಅರ್ಧ ಮಾತ್ರ ಸಲ್ಲುತ್ತದೆ. ಬಿಡಿ ಭಾಗಗಳಲ್ಲಿ ಗೂಡು ಸಿಗುವುದಿಲ್ಲ, ಸರಿ. ಆದರೆ ಹೆಸರಿಗಷ್ಟೇ ಇರುವ ವಸ್ತುವಿಗೆ ಸ್ವಭಾವ ಮಾಗುವುದುಂಟೇ?

ಹವ್ಯಾಸಿಯ ನಡವಳಿಕೆಯೂ ಎರಡು ಕಡೆ ಎಳೆಯುತ್ತದೆ. ಮೂಲೆಯಲ್ಲಿ ರಾಶಿ ಬಿದ್ದ ಹೆಣಗಳನ್ನು ಚಿಮಟದಲ್ಲಿ ಎತ್ತಿ ಎಸೆಯುವಾಗ ಅವನಿಗೆ ದುಃಖವಿಲ್ಲ. ರಾಣಿ ಸತ್ತರೆ ದಿನಗಟ್ಟಲೆ ಮಂಕು. ಅವನು ಹದೀಸ್‌ನ ಲೆಕ್ಕದಲ್ಲಿ ಕುಲವನ್ನು ಸಾಕುತ್ತಾನೆ, ಜೈನರ ಲೆಕ್ಕದಲ್ಲಿ ಜೀವಗಳನ್ನು ಕಳೆದುಕೊಳ್ಳುತ್ತಾನೆ.

ಬಂಧದ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಲ್ಲುವುದು ಕೆಲವು ವರ್ಷಗಳ ನಂತರ, ಸಂಸಾರ ಬಲಿತು ರೆಕ್ಕೆಯ ಹೆಣ್ಣುಗಳು ಹುಟ್ಟಿದಾಗ. ಕೆಲಸಗಾರ್ತಿಗೆ ಹೋಗಬೇಕಾದ ಜಾಗವಿಲ್ಲ ಎಂದು ವಾದಿಸಬಹುದು. ಇವಳಿಗೆ ಇದೆ, ಅದು ಆಕಾಶ. ಪೂಜ್ಯಪಾದರ ವಿವರಣೆ ಇವಳಿಗೆ ಅಕ್ಷರಶಃ ಅನ್ವಯ. ಆದರೆ ಮುಚ್ಚಳ ತೆಗೆಯುವುದೂ ಧರ್ಮವಲ್ಲ. ಪರದೇಶದ ಇರುವೆ ಹೊರಗೆ ಬಿದ್ದು ನೆಲೆಯೂರಿದರೆ ಅಲ್ಲಿನ ಜಾತಿಗಳಿಗೇ ಕುತ್ತು. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ರಾಣಿಯನ್ನು ಕಳಿಸಲು ಕೃಷಿ ಇಲಾಖೆಯ ಪರವಾನಗಿ ಕಡ್ಡಾಯವಾಗಿರುವುದು ಇಂಥ ಭಯದಿಂದಲೇ. ಬೇಡವಾದ ಪರದೇಶಿ ಗೂಡನ್ನು ಬಿಡುಗಡೆ ಮಾಡಬೇಡಿ, ಫ್ರೀಜರ್‌ನಲ್ಲಿಟ್ಟು ಸಾಯಿಸಿ ಎಂದೇ ಅನುಭವಿ ಹವ್ಯಾಸಿಗಳು ಬುದ್ಧಿ ಹೇಳುತ್ತಾರೆ. ಕಟ್ಟಿದ್ದನ್ನು ಬಿಚ್ಚಲಾಗದ ಈ ಸ್ಥಿತಿಗೆ ಹೋಲಿಸಿದರೆ, ಗಸಗಸೆ ಹಾಕಿದ್ದರ ಪುಣ್ಯ ಬಹಳ ಸಣ್ಣದು.

ತಮ್ಮದೇ ಅಂಗಳದಲ್ಲಿ ಮಳೆಯ ಮರುದಿನ ಸಿಕ್ಕ ರಾಣಿಯನ್ನು ಸಾಕಿ, ಸಂಸಾರ ಕುದುರಿದ ಮೇಲೆ ಅದೇ ಅಂಗಳದ ಮಣ್ಣಿಗೆ ಬಿಡುವವರೂ ಇದ್ದಾರೆ. ಅವರ ಮಟ್ಟಿಗೆ ಕೊಳವೆ ಸೆರೆಮನೆಗಿಂತ ಬಾಣಂತಿ ಕೋಣೆಗೆ ಹತ್ತಿರ. ಅದಕ್ಕೂ ಗಡುವೊಂದಿದೆ: ಮೊದಲ ರೆಕ್ಕೆ ಮೂಡುವ ಮುನ್ನ ಬಿಡಬೇಕು. ಇನ್ನೊಂದು ವರ್ಷ ನೋಡೋಣ ಅನ್ನಿಸುವುದೂ ಸರಿಯಾಗಿ ಆ ಹೊತ್ತಿಗೇ, ಏಕೆಂದರೆ ಗೂಡು ನೋಡಲು ಅತ್ಯಂತ ಚೆಂದವಾಗಿರುವುದು ಆಗಲೇ.