ಪರದೇಶದ ಹಾದಿಯಲ್ಲಿ ಯಾಚನೆ

ದುಡಿದು ಉಣ್ಣಬಲ್ಲವನು ಪರರ ಮುಂದೆ ಕೈಯೊಡ್ಡಬಾರದೆಂಬುದು ಶರಣಮಾರ್ಗದ ಮೊದಲ ಪಾಠಗಳಲ್ಲೊಂದು. ಕಾಯಕವನ್ನು ತೊರೆದು ಬೇಡುವವನನ್ನು ಶರಣರು ಹೊಗಳಿದವರಲ್ಲ. ಈ ಪಾಠಕ್ಕೆ ಇಂದಿನ ಕಾಲದಲ್ಲಿ ಹೊಸದೊಂದು ಶಂಕೆ ಒದಗಿದೆ. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಪರದೇಶಕ್ಕೆ ಹೋದ ತರುಣರು ರಜೆಯ ದಿನಗಳಲ್ಲಿ ಹೆಗಲಿಗೊಂದು ಚೀಲವನ್ನೇರಿಸಿ, ಹಾದಿಯ ಅಂಚಿನಲ್ಲಿ ಒಬ್ಬರೇ ನಿಂತು, ಹೆಬ್ಬೆರಳನ್ನೆತ್ತಿ ಮೋಟಾರುಗಳನ್ನು ನಿಲ್ಲಿಸಿ, ಗುರುತಿಲ್ಲದವರೊಡನೆ ಬಾಡಿಗೆಯಿಲ್ಲದೆ ಊರಿಂದೂರಿಗೆ ಸಂಚರಿಸುವುದುಂಟು. ಇದು ಯಾಚನೆಯೇ? ಯಾಚನೆಯಾದರೆ ಭಕ್ತರ ಮನೆಯ ಮಗನಿಗೆ ಇದು ಸಲ್ಲುವುದೇ?

ಧಾರವಾಡದ ಪಡುವಣ ಮಗ್ಗುಲಿನ ಕೆಲಗೇರಿಯವರಿಗೆ ಹೋಗುವ ಬಂಡಿಯನ್ನು ನಿಲ್ಲಿಸಿ ಏರುವುದು ಹೊಸತಲ್ಲ. ಅಳ್ನಾವರದ ಮೇಲೆ ಗೋವೆಗೆ ಹೋಗುವ ದಾರಿ ಅವರ ಊರಿನ ಮೇಲೆಯೇ ಹಾಯ್ದಿದೆ. ಸಂತೆಗೆ ಹೊರಟ ಚಕ್ಕಡಿಯಲ್ಲಿ ಮುದುಕಿಯೊಬ್ಬಳು ತನ್ನ ಗಂಟನ್ನಿಟ್ಟು ಏರಿ ಕುಳಿತರೆ ಅದನ್ನು ಭಿಕ್ಷೆಯೆಂದು ಎಣಿಸಿದವರಿಲ್ಲ. ಇಂದು ಟ್ರ್ಯಾಕ್ಟರಿಗೋ ಮೋಟಾರುಸೈಕಲ್ಲಿಗೋ ಕೈಮಾಡಿದರೂ ಯಾರೂ ಹಾಗೆ ಎಣಿಸುವುದಿಲ್ಲ. ಕಾರಣವಿಷ್ಟೇ: ಏರಿದಾಕೆ ಯಾರ ಮನೆಯವಳೆಂಬುದು ಹೊಡೆಯುವವನಿಗೆ ಗೊತ್ತು, ನಾಳೆ ಆಕೆಯ ಮಗನ ಚಕ್ಕಡಿಯನ್ನು ಇವನೂ ಏರಿಯಾನು. ಅದು ಊರೊಳಗಿನ ಕೊಡುಕೊಳ್ಳುವಿಕೆ. ಅದರಲ್ಲಿ ಧರ್ಮವಿದ್ದರೂ ಪರೀಕ್ಷೆಯಿಲ್ಲ.

ಅದೇ ಊರಿನ ತರುಣನೊಬ್ಬನು ಜರ್ಮನಿಯ ಹಾದಿಯಲ್ಲಿ ಮೊದಲ ಸಲ ಒಬ್ಬನೇ ನಿಂತಿರುವನೆಂದು ಭಾವಿಸಬಹುದು. ಅಲ್ಲಿಯ ಆಟೋಬಾನ್ ಎಂಬ ಮಹಾಮಾರ್ಗಗಳ ಮೇಲೆ ಪಾದಚಾರಿಯು ಕಾಲಿಡುವುದು ಕಾನೂನಿಗೆ ವಿರುದ್ಧವಾದುದರಿಂದ, ಪೆಟ್ರೋಲು ಹಾಕುವ ತಂಗುದಾಣದಲ್ಲಿಯೋ, ಮಾರ್ಗ ಆರಂಭವಾಗುವ ಕವಲಿನಲ್ಲಿಯೋ ನಿಲ್ಲಬೇಕು. ಮೋಟಾರುಗಳು ಒಂದರ ಹಿಂದೊಂದು ನಿಲ್ಲದೆ ಹೋಗುತ್ತವೆ. ಮೊದಲು ನಾಚಿಕೆ, ಆಮೇಲೆ ಸಿಟ್ಟು, ಆಮೇಲೆ ಒಂದು ಬಗೆಯ ದೈನ್ಯ. ಮನೆತನ, ಹೊಲಮನೆ, ಪಡೆದ ಪದವಿ ಇವಾವುವೂ ಅಲ್ಲಿ ಮಾತನಾಡಲಾರವು. ಹೋಗುವವರ ಕಣ್ಣಿಗೆ ಆತನು ಹಾದಿಯಲ್ಲಿ ನಿಂತ ಒಬ್ಬ ಮನುಷ್ಯ, ಅಷ್ಟೇ. ತನ್ನನ್ನು ಯಾರೂ ಅರಿಯದ ಠಾವಿನಲ್ಲಿ ನಿಲ್ಲುವುದು ಅಹಂಕಾರಕ್ಕೆ ಒಳ್ಳೆಯ ಔಷಧವೆಂಬುದರಲ್ಲಿ ಸಂದೇಹವಿಲ್ಲ.

ದೇಶದೇಶಗಳು ಈ ಪದ್ಧತಿಯನ್ನು ಕಂಡ ರೀತಿಯೂ ವಿಚಿತ್ರವಾದುದು. ಪೋಲೆಂಡಿನಲ್ಲಿ 1950ರ ದಶಕದ ಕೊನೆಯಲ್ಲಿ ಇದಕ್ಕೊಂದು ಚೀಟಿಪುಸ್ತಕವೇ ಬಂದಿತು. ಏರಿದವನು ಹೋದ ದೂರಕ್ಕೆ ತಕ್ಕ ಚೀಟಿಯನ್ನು ಚಾಲಕನಿಗೆ ಹರಿದುಕೊಡುವನು. ಚೀಟಿಗಳನ್ನು ಕೂಡಿಸಿದ ಚಾಲಕನಿಗೆ ಬಹುಮಾನದ ಆಸೆ. ಕ್ಯೂಬಾದಲ್ಲಿ 1990ರ ದಶಕದಲ್ಲಿ ಇಂಧನದ ಬರ ಬಿದ್ದಾಗ, ಹಳದಿ ಉಡುಪಿನ ನೌಕರರು ಹಾದಿಯಲ್ಲಿ ನಿಂತು, ಬರಿದಾಗಿ ಹೋಗುವ ಸರಕಾರಿ ವಾಹನಗಳನ್ನು ತಡೆದು ಜನರನ್ನು ಹತ್ತಿಸುತ್ತಿದ್ದರು. ಇರಾನಿನಲ್ಲಿಯಾದರೋ ಎತ್ತಿದ ಹೆಬ್ಬೆರಳು ಬೈಗುಳವೆನಿಸಿಕೊಂಡು ಬಂದಿದೆ! ಒಂದು ಕಡೆಯ ವಿನಯ ಇನ್ನೊಂದು ಕಡೆ ಅವಿನಯವಾಗುವುದನ್ನು ಸಂಚಾರಿಯು ಮೊದಲೇ ಅರಿತಿರಬೇಕು.

ಇದು ಯಾಚನೆಯಲ್ಲವೆನ್ನುವವರು ಹೇಳುವ ಯುಕ್ತಿ ಸುಲಭವಾದುದು. ಮೋಟಾರು ಹೇಗೂ ಹೋಗುತ್ತಿದೆ, ಆಸನ ಬರಿದಾಗಿದೆ, ಒಬ್ಬನು ಕುಳಿತರೆ ಒಡೆಯನಿಗೆ ನಷ್ಟವೇನು? ಈ ಯುಕ್ತಿ ನಿಲ್ಲಲಾರದು. ಒಡೆಯನು ಕೊಡುವುದು ಬರಿಯ ಆಸನವಾಗಿದ್ದರೆ ಹತ್ತರಲ್ಲಿ ಒಂಬತ್ತು ವಾಹನಗಳು ನಿಲ್ಲದೆ ಹೋಗುವುದೇಕೆ? ಆಸನವು ಅವುಗಳಲ್ಲಿಯೂ ಬರಿದಾಗಿಯೇ ಇರುತ್ತದೆ. ಕೊಡಲು ಕಷ್ಟವಾದುದು ವಿಶ್ವಾಸ. ಗುರುತಿಲ್ಲದವನನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಮುಂದಿನ ಹಾದಿಯ ಮೇಲೆ ಕಣ್ಣಿಟ್ಟು ಹೋಗುವವನು ತನ್ನ ಪ್ರಾಣವನ್ನೇ ಒಂದಿಷ್ಟು ಆತನ ಕೈಗೆ ಒಪ್ಪಿಸಿರುತ್ತಾನೆ. ಏರಿದವನೂ ಹಾಗೆಯೇ. ಆದುದರಿಂದ ಇದನ್ನು ಯಾಚನೆಯೆಂದೇ ಒಪ್ಪಿಕೊಳ್ಳುವುದು ಪ್ರಾಮಾಣಿಕವಾದ ಮಾರ್ಗ. ಬೇಡಿದ ವಸ್ತು ಮಾತ್ರ ಹಣಕ್ಕಿಂತ ದೊಡ್ಡದು.

ಇದಕ್ಕೆ ಒಂದು ನಿದರ್ಶನವುಂಟು. ಬಾಲ್ಯದಲ್ಲಿ ಜೈನಮುನಿಯಾಗಿದ್ದ ಸತೀಶಕುಮಾರರೂ ಅವರ ಗೆಳೆಯರಾದ ಇ. ಪಿ. ಮೆನನ್‌ರೂ ಅಣ್ವಸ್ತ್ರಗಳ ವಿರುದ್ಧವಾಗಿ 1962ರಲ್ಲಿ ದಿಲ್ಲಿಯಿಂದ ಕಾಲ್ನಡೆಯ ಯಾತ್ರೆ ಹೊರಟರು. ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಅವರ ಗುರಿಗಳು. ಕೈಯಲ್ಲಿ ಹಣವಿರಕೂಡದೆಂದು ಅವರಿಗೆ ಹೇಳಿದವರು ವಿನೋಬಾ. ಹಣವಿದ್ದರೆ ದಣಿದ ಸಂಜೆ ವಸತಿಗೃಹಕ್ಕೆ ಹೋಗುವಿರಿ, ಇಲ್ಲವಾದರೆ ಜನರ ಮನೆಯ ಬಾಗಿಲಿಗೆ ಹೋಗಲೇಬೇಕಾಗುವುದು ಎಂಬುದು ಅದರ ಹುರುಳು. ಸೋವಿಯೆತ್ ದೇಶದಲ್ಲಿ ಚಹದ ಕಾರಖಾನೆಯ ಹೆಣ್ಣುಮಗಳೊಬ್ಬಳು ನಾಲ್ಕು ಅಣ್ವಸ್ತ್ರ ರಾಷ್ಟ್ರಗಳ ಮುಖಂಡರಿಗೆಂದು ನಾಲ್ಕು ಚಹದ ಪೊಟ್ಟಣಗಳನ್ನು ಅವರ ಕೈಯಲ್ಲಿಟ್ಟಳು. ಹಣವಿದ್ದು ಹೋಗಿದ್ದರೆ ಆಕೆಯ ಭೇಟಿಯೇ ಆಗುತ್ತಿರಲಿಲ್ಲವೇನೋ. ಬೇಡಲು ಹೋದವರು ಹೊರುವವರಾಗಿ ಮುಂದೆ ನಡೆದರು.

ಹಾಗೆಂದು ಎಲ್ಲ ಬೇಡಿಕೆಯೂ ಒಂದೇ ಅಲ್ಲ. ಜೋಳಿಗೆ ಹಿಡಿದು ಕೋರಾನ್ನಕ್ಕೆ ಹೋದ ಮಠದ ವಟುವು ತಂದುದನ್ನು ಎಲ್ಲರೊಡನೆ ಹಂಚಿ ಉಣ್ಣುತ್ತಿದ್ದನು. ಅದರಲ್ಲಿ ತನಗೆಂದು ಕೂಡಿಡುವುದಿರಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಲಕ್ಕಮ್ಮನು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ರೈಲಿನ ಹಣವನ್ನು ಜೇಬಿನಲ್ಲಿಟ್ಟುಕೊಂಡು, ಅದನ್ನು ಉಳಿಸಬೇಕೆಂಬ ಒಂದೇ ಕಾರಣಕ್ಕೆ ಹಾದಿಯಲ್ಲಿ ನಿಲ್ಲುವವನು ಲಕ್ಕಮ್ಮನ ಮುಂದೆ ನಿಲ್ಲಲಾರನು. ಕೊನೆಯ ಬಸ್ಸು ತಪ್ಪಿದವನ ಮಾತು ಬೇರೆ, ಜನರನ್ನು ಕಾಣಲೆಂದೇ ಹೊರಟವನ ಮಾತು ಬೇರೆ. ಹೊರಗಿನಿಂದ ನೋಡಿದರೆ ಮೂವರ ಹೆಬ್ಬೆರಳೂ ಒಂದೇ ತೆರನಾಗಿ ಕಾಣುವುದು.

ಅಪಾಯದ ವಿಷಯವನ್ನು ಮರೆಮಾಚುವುದು ತರವಲ್ಲ. ಮಗಳು ಹೀಗೆ ಹೊರಟಳೆಂದರೆ ತಾಯಿತಂದೆಗಳಿಗೆ ನಿದ್ದೆ ಬಾರದು, ಅದು ಸಹಜವಾದುದು. ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೆ ಒಬ್ಬಳೇ ನಡೆದಳೆಂದು ಕೊಂಡಾಡುವವರು, ಆ ಹಾದಿಯಲ್ಲಿ ಆಕೆಯನ್ನು ಕಾಡಿದ ಜನರನ್ನೂ, ಕಲ್ಯಾಣವನ್ನು ಮುಟ್ಟಿದ ಮೇಲೂ ತಪ್ಪದ ಪರೀಕ್ಷೆಯನ್ನೂ ನೆನೆಯಬೇಕು. ಆಕೆಯದು ಕಣ್ಣುಮುಚ್ಚಿದ ನಂಬಿಕೆಯಾಗಿರಲಿಲ್ಲ. ಎದುರು ನಿಂತವನನ್ನು ಅಳೆದು ಮಾತಾಡಬಲ್ಲ ಎಚ್ಚರ ಆಕೆಯಲ್ಲಿತ್ತು. ನಿಂತ ಮೋಟಾರಿನ ಒಳಗೊಮ್ಮೆ ನೋಡಿ, ಮನಸ್ಸು ಒಪ್ಪದಿದ್ದರೆ ಬೇಡವೆಂದು ಹಿಂದೆ ಸರಿಯುವುದು ದಯೆಯ ತಿರಸ್ಕಾರವಲ್ಲ. ಬೇಡುವವನಿಗೂ ನಿರಾಕರಿಸುವ ಸ್ವಾತಂತ್ರ್ಯವುಂಟು. ಎಲ್ಲಿದ್ದೇನೆ, ಯಾವ ವಾಹನದಲ್ಲಿ ಹೊರಟಿದ್ದೇನೆಂದು ಮನೆಗೆ ತಿಳಿಸುವುದಕ್ಕೆ ಇಂದು ಕೈಯಲ್ಲಿಯೇ ಫೋನುಂಟು. ಹಾಗೆ ತಿಳಿಸುವುದರಿಂದ ಧೈರ್ಯಕ್ಕೇನೂ ಕುಂದಿಲ್ಲ.

ಇನ್ನು ಋಣದ ಮಾತು. ಅಂಬಿಗರ ಚೌಡಯ್ಯನು ಹೊಳೆ ದಾಟಿಸುವುದನ್ನೇ ಕಾಯಕವಾಗಿ ಮಾಡಿದನು. ದೋಣಿಯನ್ನು ಏರಿದವರಿಗೆ ಮರಳಿ ಬಂದಾಗ ಆತನು ಮತ್ತೆ ಸಿಕ್ಕುವನು. ಪರದೇಶದ ಚಾಲಕನು ಹಾಗಲ್ಲ. ಕವಲಿನಲ್ಲಿ ಇಳಿಸಿ ಹೋದವನ ಮುಖವನ್ನು ಮತ್ತೆ ಕಾಣುವಂತಿಲ್ಲ, ಹೆಸರೂ ನೆನಪಿನಲ್ಲಿ ಉಳಿಯದು. ಹಣ ಕೊಡಹೋದರೆ ಅನೇಕರು ನೊಂದುಕೊಳ್ಳುವರು. ಕೊಟ್ಟವನಿಗೇ ತೀರಿಸಲಾಗದ ಈ ಋಣವನ್ನು ಇನ್ನೊಬ್ಬನಿಗೆ ತೀರಿಸಬೇಕಾಗುತ್ತದೆ, ಆ ಇನ್ನೊಬ್ಬನೂ ಗುರುತಿನವನಾಗಿರಲಾರನು.

ಈ ಭಾಗದ ಭಾರವು ಮನೆಯಲ್ಲಿ ಉಳಿದವರ ಮೇಲೂ ಬೀಳುತ್ತದೆ. ಮಗನು ಎಲ್ಲಿಯೋ ಮಳೆಯಲ್ಲಿ ನಿಂತಿರುವನೆಂದು ತಿಳಿದ ತಂದೆ, ಯಾರಾದರೊಬ್ಬ ಪುಣ್ಯಾತ್ಮನು ಹತ್ತಿಸಿಕೊಳ್ಳಲೆಂದು ಇಷ್ಟಲಿಂಗದ ಮುಂದೆ ಕುಳಿತು ಬೇಡಿಕೊಳ್ಳುವನು. ಅದೇ ತಂದೆ ಮರುದಿನ ಸಂಜೆ ತನ್ನ ಕಾರಿನಲ್ಲಿ ಧಾರವಾಡದಿಂದ ಮರಳುವಾಗ, ಕೆಲಗೇರಿಯ ಕೆರೆಯ ಹತ್ತಿರ ತಲೆಯ ಮೇಲೆ ಗೋಣಿಚೀಲ ಹೊದ್ದು ಕೈಮಾಡುವ ಆಳನ್ನು ಕಂಡು, ಆಸನ ಒದ್ದೆಯಾದೀತೆಂದು ಕಾಲನ್ನು ಬ್ರೇಕಿನ ಮೇಲಿಡದೆ ಹೋಗುವುದುಂಟು. ಗುರುತಿಲ್ಲದವರನ್ನು ನಂಬುವ ಕಾಲವಲ್ಲವೆಂದು ಮನೆಗೆ ಬಂದು ಹೇಳುವುದೂ ಉಂಟು. ಮಗನನ್ನು ಹತ್ತಿಸಿಕೊಂಡ ಜರ್ಮನಿಯವನಿಗೂ ಆ ಮಾತು ಗೊತ್ತಿತ್ತು.