ಜೆರಿಕೋ ದಾರಿಯಲ್ಲಿ ಅವಸರದ ಹೆಜ್ಜೆ



ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿ ನಮಗೆಲ್ಲ ಚೆನ್ನಾಗಿ ಗೊತ್ತು. ಧರ್ಮೋಪದೇಶದ ತರಗತಿಯ ಚಿಕ್ಕ ಮಕ್ಕಳೂ ಅದನ್ನು ತಪ್ಪಿಲ್ಲದೆ ಹೇಳಬಲ್ಲರು. ಆದರೆ ಸಾಮತಿ ತಿಳಿದಿದ್ದರೆ ಸಾಕೇ? ತಿಳಿದದ್ದು ಕಾಲಿಗೆ ಇಳಿಯುತ್ತದೆಯೇ? ಇದೇ ಪ್ರಶ್ನೆಯನ್ನು ಹಿಡಿದು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಒಂದು ಪ್ರಯೋಗ ನಡೆಸಿ, 1973ರಲ್ಲಿ ಅದರ ಫಲವನ್ನು ಪ್ರಕಟಿಸಿದರು.

ಅವರು ಆರಿಸಿಕೊಂಡದ್ದು ಅಲ್ಲಿನ ಪ್ರೆಸ್ಬಿಟೇರಿಯನ್ ಗುರುಮಠದ ವಿದ್ಯಾರ್ಥಿಗಳನ್ನು. ಒಬ್ಬೊಬ್ಬರನ್ನೇ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕೆಂದು ಹೇಳಲಾಯಿತು. ಕೆಲವರಿಗೆ ಕೊಟ್ಟ ವಿಷಯ ಉದ್ಯೋಗಾವಕಾಶಗಳು. ಉಳಿದವರಿಗೆ ಇದೇ ಸಮಾರಿಯದವನ ಸಾಮತಿ. ಹೊರಡುವಾಗ ಕೆಲವರಿಗೆ "ಇನ್ನೂ ಸಮಯವಿದೆ" ಎಂದರು. ಕೆಲವರಿಗೆ "ಈಗಲೇ ಹೊರಡಿ" ಎಂದರು. ಇನ್ನು ಕೆಲವರಿಗೆ "ಆಗಲೇ ತಡವಾಗಿದೆ, ಅಲ್ಲಿ ಕಾಯುತ್ತಿದ್ದಾರೆ" ಎಂದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ತಲೆ ತಗ್ಗಿಸಿ ಕುಸಿದು ಕುಳಿತಿದ್ದ, ಕೆಮ್ಮುತ್ತಿದ್ದ, ನರಳುತ್ತಿದ್ದ. ಅವನು ಪ್ರಯೋಗದ ಭಾಗವೆಂದು ವಿದ್ಯಾರ್ಥಿಗಳಿಗೆ ತಿಳಿದಿರಲಿಲ್ಲ.

ಒಟ್ಟು 40 ಮಂದಿಯಲ್ಲಿ ಯಾವುದೋ ರೀತಿಯಲ್ಲಿ ನೆರವು ನೀಡಿದವರು 16 ಮಂದಿ. ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಾದರೆ, ತಡವಾಗಿದೆ ಎಂದುಕೊಂಡವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಭಾಷಣದ ವಿಷಯ ಯಾವುದೆಂಬುದರಿಂದ ಖಚಿತವಾಗಿ ಹೇಳಬಹುದಾದಷ್ಟು ವ್ಯತ್ಯಾಸ ಕಾಣಲಿಲ್ಲ. ಸಮಾರಿಯದವನ ಬಗ್ಗೆ ಮಾತನಾಡಲು ಹೊರಟವರಲ್ಲೇ ಕೆಲವರು ಆ ಮನುಷ್ಯನನ್ನು ದಾಟಿಕೊಂಡು ಮುಂದೆ ಹೋದರು!

ಪ್ರಿಯರೇ, "ಅವರು ನಮ್ಮವರಲ್ಲವಲ್ಲ" ಎಂದು ಸಮಾಧಾನಪಟ್ಟುಕೊಳ್ಳುವುದು ಬೇಡ. ಯಾಜಕನನ್ನೂ ಲೇವಿಯನನ್ನೂ ಕುರಿತು ನಾವು ಇದೇ ಮಾತು ಹೇಳುತ್ತಾ ಬಂದಿದ್ದೇವೆ. ಹಾಗೆಂದು 40 ಮಂದಿಯ ಒಂದು ಪ್ರಯೋಗದಿಂದ ವಿಶ್ವಾಸವೇ ವ್ಯರ್ಥವೆಂಬ ತೀರ್ಮಾನಕ್ಕೂ ಬರಬೇಕಾಗಿಲ್ಲ. ಸಂಶೋಧಕರೇ ಗಮನಿಸಿದ ಒಂದು ಸಂಗತಿಯಿದೆ. ನಿಲ್ಲದೆ ಹೋದವರಲ್ಲಿ ಹಲವರು ಭಾಷಣದ ಕೋಣೆ ತಲುಪಿದಾಗ ಕಳವಳಗೊಂಡಿದ್ದರು. ಅವರ ಹೃದಯ ಕಲ್ಲಾಗಿರಲಿಲ್ಲ. ಅತ್ತ ಒಬ್ಬರು ಕಾಯುತ್ತಿದ್ದಾರೆ, ಇತ್ತ ಒಬ್ಬ ನರಳುತ್ತಿದ್ದಾನೆ. ಎರಡು ಕರೆಗಳ ನಡುವೆ ಅವರು ಸಿಕ್ಕಿಕೊಂಡಿದ್ದರು.

ನಮ್ಮ ಕುಟುಂಬಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಭಾನುವಾರದ ಬಲಿಪೂಜೆಗೆ ಹೊರಡುವ ಆತುರದಲ್ಲಿ ಮಗುವಿನ ಮೇಲೆ ರೇಗುತ್ತೇವೆ. ಧರ್ಮಕೇಂದ್ರದ ಸಭೆಗೆ ಓಡುವಾಗ ಮೂಲೆಯ ಮಂಚದಿಂದ ವೃದ್ಧ ತಂದೆ ಕರೆದ ದನಿ ಕೇಳಿಸಿದರೂ, "ಬಂದ ಮೇಲೆ ನೋಡೋಣ" ಎನ್ನುತ್ತೇವೆ. ಜೆರಿಕೋ ದಾರಿ ನಮ್ಮ ನಡುಮನೆಯಲ್ಲೇ ಹಾದುಹೋಗುತ್ತದೆ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳಿಗೆ ಮಾತ್ರವಲ್ಲ, ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುವುದು ಇದಕ್ಕಾಗಿಯೇ.

ಹಾಗಾದರೆ ವಿಶ್ವಾಸ ನಮ್ಮ ನಡತೆಯನ್ನು ರೂಪಿಸುವುದು ಹೇಗೆ? ಸದ್ಗುಣವೆಂದರೆ ಮನಸ್ಸಿನಲ್ಲಿ ಬೇರೂರಿದ ಒಳ್ಳೆಯ ಅಭ್ಯಾಸವೆಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಬೋಧಿಸಿದರು. ದೇವರ ವರಪ್ರಸಾದ ನಮ್ಮ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪರಿಪೂರ್ಣಗೊಳಿಸುತ್ತದೆ. ಬೀಜವನ್ನು ದೇವರು ಕೊಡುತ್ತಾರೆ. ನೆಲ ಹದ ಮಾಡುವ ಕೆಲಸದಲ್ಲಿ ನಮ್ಮ ಕೈಯೂ ಸೇರಬೇಕು. ಒಮ್ಮೆ ನಿಂತವನಿಗೆ ಎರಡನೆಯ ಸಲ ನಿಲ್ಲುವುದು ಸುಲಭ. ಪ್ರತಿಸಲವೂ ದಾಟಿ ಹೋಗುವವನಿಗೆ ದಾಟುವುದೇ ಅಭ್ಯಾಸವಾಗುತ್ತದೆ. ಕೊನೆಗೆ ಕಳವಳವೂ ಉಳಿಯುವುದಿಲ್ಲ.

ಎರಡು ಕರೆಗಳು ಒಟ್ಟಿಗೆ ಬಂದಾಗ ಏನು ಮಾಡಬೇಕೆಂಬುದಕ್ಕೆ ಸಾಮತಿಯಲ್ಲೇ ಉತ್ತರವಿದೆ. ಸಮಾರಿಯದವನಿಗೂ ಪ್ರಯಾಣವಿತ್ತು. ಅವನು ನಿಂತ, ಗಾಯ ಕಟ್ಟಿದ, ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು ಛತ್ರದವನಿಗೆ ಕೊಟ್ಟು, ಮರಳಿ ಬರುವ ಭರವಸೆಯಿತ್ತು ತನ್ನ ದಾರಿ ಹಿಡಿದ. ಎಲ್ಲವನ್ನೂ ತಾನೊಬ್ಬನೇ ಹೊರಲಿಲ್ಲ, ಇನ್ನೊಬ್ಬರ ಸಹಾಯ ಪಡೆದ. ಆದರೆ ಗಾಯಗೊಂಡವನನ್ನು ಕೈಬಿಡಲಿಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಂಡು ದಣಿದಿರುವ ತಾಯಂದಿರಿಗೆ ಇದರಲ್ಲಿ ಸಾಂತ್ವನವಿದೆ. ಅವರ ಹೊರೆಯನ್ನು ಹಂಚಿಕೊಳ್ಳಬೇಕಾದ ನಮಗೆ ಕರೆಯೂ ಇದೆ.

ಪ್ರಯೋಗದಿಂದ ಇನ್ನೊಂದು ಪಾಠವೂ ಇದೆ. "ನಾನು ಮಾತ್ರೆ ತೆಗೆದುಕೊಂಡಿದ್ದೇನೆ, ಸ್ವಲ್ಪ ವಿಶ್ರಾಂತಿ ಸಾಕು" ಎಂದು ಆ ಮನುಷ್ಯ ಹೇಳಿದರೂ ಕೆಲವರು ಕೇಳದೆ ತಮಗೆ ತೋಚಿದ ಸಹಾಯವನ್ನೇ ಒತ್ತಾಯಿಸಿದರು. ನಿಲ್ಲುವುದು ಪ್ರೀತಿಯ ಮೊದಲ ಹೆಜ್ಜೆ. ಎದುರಿಗಿರುವವರ ಮಾತನ್ನು ಕಿವಿಗೊಟ್ಟು ಕೇಳುವುದು ಎರಡನೆಯದು.

ಗಾಯಗೊಂಡವನು, ಕಳ್ಳ, ದಾಟಿ ಹೋದವನು, ಸಮಾರಿಯದವನು, ಈ ಎಲ್ಲರ ಅಂಶವೂ ನಮ್ಮೊಳಗಿದೆ ಎಂದು ವಿಶ್ವಗುರು ಫ್ರಾನ್ಸಿಸರು 2020ರ ತಮ್ಮ 'ಫ್ರತೆಲ್ಲಿ ತುತ್ತಿ' ವಿಶ್ವಪತ್ರದಲ್ಲಿ ನೆನಪಿಸಿದರು. ಆದ್ದರಿಂದ ಈ ವಾರ ಎರಡು ಸಣ್ಣ ಅಭ್ಯಾಸಗಳನ್ನು ಕೈಗೊಳ್ಳೋಣ. ದೇವಾಲಯಕ್ಕೆ ಹೊರಡುವಾಗ ಹತ್ತು ನಿಮಿಷ ಮುಂಚೆ ಹೊರಡೋಣ. ಆ ಹತ್ತು ನಿಮಿಷ ದಾರಿಯಲ್ಲಿ ಸಿಗುವ ನೆರೆಯವರಿಗಾಗಿ ಮೀಸಲಿರಲಿ. ಸಂಜೆ ಜಪಸರದ ನಂತರ ಮನೆಮಂದಿಯೆಲ್ಲ ಒಂದು ಕ್ಷಣ ಮೌನವಾಗಿದ್ದು, "ಇಂದು ಯಾರನ್ನು ದಾಟಿ ಬಂದೆ?" ಎಂದು ಕೇಳಿಕೊಳ್ಳೋಣ. ಅಂಥವರ ಹೆಸರು ನೆನಪಾದರೆ, ನಾಳೆ ಅವರ ಬಾಗಿಲಿಗೆ ಹೋಗೋಣ.

ನೀನೂ ಹೋಗಿ ಹಾಗೆಯೇ ಮಾಡೆಂದು ಧರ್ಮಶಾಸ್ತ್ರಿಗೆ ಅಪ್ಪಣೆಯಿತ್ತ ಯೇಸುಸ್ವಾಮಿ, ನಿಲ್ಲುವ ಕಾಲುಗಳನ್ನೂ ಕೇಳುವ ಕಿವಿಗಳನ್ನೂ ನಮಗೆ ಅನುಗ್ರಹಿಸಲಿ. ಆಮೆನ್.